ಎಣ್ಣೆ ಹಚ್ಚುವ ಮುನ್ನ

ದೀಪಾವಳಿ ಕಳೆದು ಎರಡು ವಾರಗಳಾಗುತ್ತಲೇ ತಳೇಗಾಂವ ದಾಭಾಡೆಯ ಗಾಳಿ ಬದಲಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗೋಡೆಗಳೇ ಬೆವರುತ್ತಿದ್ದ ಈ ಮಾವಳ ಸೀಮೆಯ ಊರು ನವೆಂಬರ್ ಕೊನೆಯ ಹೊತ್ತಿಗೆ ತುಟಿ ಒಡೆಯುವಷ್ಟು ಒಣಗುತ್ತದೆ. ಹಿಮ್ಮಡಿ ಬಿರಿಯುತ್ತದೆ, ಮಕ್ಕಳ ಕೆನ್ನೆ ಬಿರುಸಾಗುತ್ತದೆ, ಕೊಬ್ಬರಿ ಎಣ್ಣೆಯ ಬಾಟಲಿ ಬಚ್ಚಲುಮನೆಯಿಂದ ನಡುಮನೆಗೆ ಬರುತ್ತದೆ. ಗಿನಿಪಿಗ್ ಸಾಕಿದ ಮನೆಗಳಲ್ಲಿ ಇದೇ ದಿನಗಳಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ: ಇದರ ಮೈಯಿಂದ ಹೊಟ್ಟು ಉದುರುತ್ತಿದೆ, ಕಿವಿಯ ಅಂಚು ಒಣಗಿದೆ, ನಾಲ್ಕು ಹನಿ ಎಣ್ಣೆ ಸವರಿದರೆ ಸಾಲದೇ?

ಸಾಲದು ಎಂಬುದು ನನ್ನ ಅಭಿಪ್ರಾಯ. ಎಣ್ಣೆಯ ಮೇಲಿನ ಮುನಿಸಿನಿಂದ ಈ ಮಾತು ಹೇಳುತ್ತಿಲ್ಲ. ಗಿನಿಪಿಗ್‌ನ ಒಣಚರ್ಮವೆಂಬುದು ಹಲವು ಬೇರೆಬೇರೆ ತೊಂದರೆಗಳು ಹೊರಗೆ ತೋರುವ ಒಂದೇ ಮುಖ. ಅವುಗಳಲ್ಲಿ ಯಾವುದು ಎಂದು ತಿಳಿಯುವ ಮೊದಲೇ ಎಣ್ಣೆ ಬಳಿದರೆ ಕಾರಣ ಮರೆಯಾಗುತ್ತದೆ, ದಿನಗಳು ಕಳೆಯುತ್ತವೆ, ಮತ್ತು ಇಷ್ಟು ಸಣ್ಣ ಜೀವಕ್ಕೆ ಕಳೆದ ದಿನಗಳು ದುಬಾರಿಯಾಗುತ್ತವೆ.

ಸಾಹಿತ್ಯ ಬಳಗದಲ್ಲಿ ಇಂಥ ವಿಷಯವೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಧಾರವಾಡ, ಬೆಳಗಾವಿ, ಕಲಬುರಗಿ, ಕರಾವಳಿಗಳಿಂದ ಉದ್ಯೋಗಕ್ಕೆಂದು ತಳೇಗಾಂವ, ಚಾಕಣ, ಚಿಂಚವಾಡಗಳ ಕೈಗಾರಿಕಾ ವಲಯಕ್ಕೆ ಬಂದ ನಮ್ಮಂಥವರ ಬಾಳಿನಲ್ಲಿ ಪ್ರಾಣಿಗಳ ಸ್ಥಾನವೇ ಬದಲಾಗಿದೆ. ಊರಿನ ಮನೆಯಲ್ಲಿ ಹಟ್ಟಿಯಿತ್ತು, ಅಂಗಳದಲ್ಲಿ ನಾಯಿಯಿತ್ತು, ಅಟ್ಟದ ಮೇಲೆ ಬೆಕ್ಕು ಮರಿ ಹಾಕುತ್ತಿತ್ತು. ಹಸುವಿನ ಮೈಯಲ್ಲಿ ಉಣ್ಣೆ ಕಚ್ಚಿದರೆ ಏನು ಮಾಡಬೇಕೆಂದು ಮನೆಯ ಹಿರಿಯರಿಗೆ ಗೊತ್ತಿತ್ತು. ಇಲ್ಲಿ ನಾಲ್ಕನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವಾಗ ನಾಯಿ ಸಾಕುವುದು ಕಷ್ಟ. ಮಗು ಹಟ ಹಿಡಿಯುತ್ತದೆ; ಅಂಗಡಿಯವನು ‘ಇದಕ್ಕೇನೂ ಖರ್ಚಿಲ್ಲ, ಸದ್ದಿಲ್ಲ’ ಎಂದು ಗಿನಿಪಿಗ್ ಕೊಡುತ್ತಾನೆ. ಹೀಗೆ ಬಂದ ಪ್ರಾಣಿಯ ಬಗ್ಗೆ ನಮ್ಮ ಅಜ್ಜಿಯರಿಂದ ಬಂದ ತಿಳಿವಳಿಕೆ ಏನೂ ಇಲ್ಲ. ತಿಳಿವಳಿಕೆಯಿಲ್ಲದ ಕಡೆ ನಾವು ನಮ್ಮ ಮೈಗೆ ಮಾಡಿಕೊಳ್ಳುವುದನ್ನೇ ಅದರ ಮೈಗೂ ಮಾಡುತ್ತೇವೆ. ಅಭ್ಯಂಜನದ ನಾಡಿನಿಂದ ಬಂದು, ದೀಪಾವಳಿಗೆ ಎಣ್ಣೆ ಉಟಣೆಗಳ ಸ್ನಾನ ಮಾಡುವ ನಾಡಿನಲ್ಲಿ ನೆಲೆಸಿರುವ ನಮಗೆ ಎಣ್ಣೆ ನೆನಪಾಗುವುದು ಸಹಜವೇ. ಸಹಜವಾದದ್ದೆಲ್ಲ ಸರಿಯಾಗಿರುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಮೊದಲು ಆ ಪ್ರಾಣಿಯ ಗುರುತನ್ನು ಸ್ವಲ್ಪ ಮಾಡಿಕೊಳ್ಳೋಣ. ಹೆಸರಿನಲ್ಲಿ ಗಿನಿ ಇದ್ದರೂ ಅದು ಆಫ್ರಿಕದ ಗಿನಿಯದಲ್ಲ. ಪಿಗ್ ಎಂದಿದ್ದರೂ ಹಂದಿಯಲ್ಲ. ದಕ್ಷಿಣ ಅಮೆರಿಕದ ಆ್ಯಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ದಂಶಕ ಅದು. ಬೆಳೆದ ಪ್ರಾಣಿ ಏಳುನೂರು ಗ್ರಾಮಿನಿಂದ ಒಂದು ಕಿಲೋ ಮೇಲ್ಪಟ್ಟು ತೂಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಐದರಿಂದ ಎಂಟು ವರ್ಷ ಬದುಕುತ್ತದೆ. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ಉಷ್ಣತೆ. ಬೇಟೆಗಾರರಿಗೆ ಆಹಾರವಾಗುತ್ತ ಬಂದ ವಂಶದ್ದಾದ್ದರಿಂದ ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಅದು ಕಾಯಿಲೆಯೆಂದು ನಮಗೆ ತೋರಿಸುವ ಹೊತ್ತಿಗೆ ಕಾಯಿಲೆ ಸಾಕಷ್ಟು ದೂರ ಸಾಗಿರುತ್ತದೆ. ಹೀಗಾಗಿ ಚರ್ಮದಂತೆ ಕಣ್ಣಿಗೆ ಕಾಣುವ ಭಾಗ ಏನಾದರೂ ಹೇಳುತ್ತಿದ್ದರೆ ಅದನ್ನು ಕೇಳಿಸಿಕೊಳ್ಳುವುದು ಅಗತ್ಯ.

ಎಲ್ಲ ಬೋಳೂ ರೋಗವಲ್ಲ ಎಂಬುದನ್ನೂ ಹೇಳಿಬಿಡಬೇಕು. ಎರಡೂ ಕಿವಿಗಳ ಹಿಂದೆ ಕೂದಲಿಲ್ಲದ ಸಣ್ಣ ಜಾಗ ಪ್ರತಿ ಗಿನಿಪಿಗ್‌ಗೂ ಇರುತ್ತದೆ. ಬೆನ್ನಿನ ಕೊನೆಯಲ್ಲಿ, ಬಾಲವಿರಬೇಕಾದ ಕಡೆ, ಜಿಡ್ಡು ಒಸರುವ ಒಂದು ಗ್ರಂಥಿಯಿದೆ. ಗಂಡುಗಳಲ್ಲಿ ಅಲ್ಲಿಯ ಕೂದಲು ಅಂಟಂಟಾಗಿರುವುದು ಸಾಮಾನ್ಯ. ಇವೆರಡನ್ನು ಬಿಟ್ಟು ಉಳಿದೆಡೆ ಕೂದಲು ತೆಳುವಾಗುವುದು, ಹೊಟ್ಟು ಉದುರುವುದು, ಹುರುಕು ಕಟ್ಟುವುದು, ಚರ್ಮ ಕೆಂಪಾಗುವುದು ಇವು ಕಾರಣ ಕೇಳುತ್ತವೆ.

ಆ ಕಾರಣಗಳು ಯಾವುವು? ಮೊದಲನೆಯದು ನುಸಿ. ಟ್ರಿಕ್ಸಾಕಾರಸ್ ಕೇವಿಯೆ ಎಂಬ, ಬರಿಗಣ್ಣಿಗೆ ಕಾಣದ ನುಸಿ ಗಿನಿಪಿಗ್‌ನ ಚರ್ಮದೊಳಗೆ ಬಿಲ ಕೊರೆಯುತ್ತದೆ. ನಮ್ಮ ತುರಿಕಜ್ಜಿಯ ನುಸಿಗೆ ಇದು ಬಳಗ. ಭುಜ, ಬೆನ್ನು, ತೊಡೆಯ ಒಳಭಾಗಗಳಲ್ಲಿ ಚರ್ಮ ದಪ್ಪಗಾಗಿ, ಹಳದಿ ಹೊಟ್ಟು ಕೂಡಿ, ಕೂದಲು ಉದುರುತ್ತದೆ. ತುರಿಕೆ ಎಷ್ಟು ತೀವ್ರವೆಂದರೆ ಮುಟ್ಟಿದರೆ ಪ್ರಾಣಿ ಸೆಟೆದು ಸೆಳವಿಗೆ ಒಳಗಾದ ಪ್ರಸಂಗಗಳು ಪಶುವೈದ್ಯಕ್ಕೆ ಹೊಸವಲ್ಲ. ಎರಡನೆಯದು ಹೇನು. ಇದು ಕಣ್ಣಿಗೆ ಕಾಣುತ್ತದೆ. ಕೂದಲ ಬುಡದಲ್ಲಿ ಹರಿದಾಡುವ ಬಿಳಿಚು ಚುಕ್ಕೆ, ಕೂದಲಿಗೆ ಅಂಟಿದ ಸೀರು. ದೂರದಿಂದ ನೋಡಿದವರು ಇದನ್ನೇ ಹೊಟ್ಟೆಂದು ಭಾವಿಸುತ್ತಾರೆ. ಮೂರನೆಯದು ಹುಳುಕಡ್ಡಿ. ಟ್ರೈಕೊಫೈಟನ್ ಜಾತಿಯ ಶಿಲೀಂಧ್ರಗಳಿಂದ ಬರುವ ಇದು ಹೆಚ್ಚಾಗಿ ಮೂಗು, ಕಣ್ಣಿನ ಸುತ್ತ, ಕಿವಿಗಳಿಂದ ಆರಂಭವಾಗಿ ಹಿಂದಕ್ಕೆ ಹಬ್ಬುತ್ತದೆ. ನಾಲ್ಕನೆಯದು ಸಿ ಜೀವಸತ್ವದ ಕೊರತೆ. ಐದನೆಯದು, ಒಂದೆರಡು ವರ್ಷ ದಾಟಿದ ಹೆಣ್ಣುಗಳಲ್ಲಿ ಅಂಡಾಶಯದ ನೀರುಗುಳ್ಳೆಗಳು. ತುರಿಕೆಯಿಲ್ಲದೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲು ಹೋದರೆ ಇದನ್ನು ಅನುಮಾನಿಸಬೇಕು. ಇವೆಲ್ಲವೂ ಅಲ್ಲವೆಂದಾದ ಮೇಲೆ ಉಳಿಯುವುದು ನಿಜವಾದ ಒಣತನ: ಚಳಿಗಾಲದ ಗಾಳಿ, ಪದೇಪದೇ ಮಾಡಿಸಿದ ಸ್ನಾನ, ಚರ್ಮ ಕೆರಳಿಸುವ ಹಾಸು.

ಈ ಸಾಲಿನಲ್ಲಿ ಎಣ್ಣೆಯಿಂದ ಒಂದಿಷ್ಟು ಉಪಕಾರವಾಗಬಹುದಾದದ್ದು ಕೊನೆಯದಕ್ಕೆ ಮಾತ್ರ. ಉಳಿದ ಐದಕ್ಕೂ ಎಣ್ಣೆ ಪರದೆಯ ಕೆಲಸ ಮಾಡುತ್ತದೆ. ಹೊಟ್ಟು ಒದ್ದೆಯಾಗಿ ಕೂದಲಿಗೆ ಅಂಟಿ ಕೆಲವು ದಿನ ಉದುರದೆ ನಿಲ್ಲುತ್ತದೆ. ಮನೆಯವರು ಗುಣವಾಯಿತೆಂದು ನೆಮ್ಮದಿಗೊಳ್ಳುತ್ತಾರೆ. ಒಳಗೆ ನುಸಿ ತನ್ನ ಕೆಲಸ ಮುಂದುವರಿಸುತ್ತದೆ. ಎಣ್ಣೆಗೆ ಹಾಸಿನ ಧೂಳೆಲ್ಲ ಮೆತ್ತಿ ಕೂದಲು ಜಡೆಗಟ್ಟುತ್ತದೆ. ಅದನ್ನು ತೆಗೆಯಲು ಶಾಂಪೂ ಬಂದೇ ಬರುತ್ತದೆ. ಶಾಂಪೂ ಚರ್ಮದ ಸ್ವಂತ ಜಿಡ್ಡನ್ನೂ ತೊಳೆಯುತ್ತದೆ, ಚರ್ಮ ಇನ್ನಷ್ಟು ಒಣಗುತ್ತದೆ, ಮತ್ತೆ ಎಣ್ಣೆ.

ನಮ್ಮ ಮನೆಮದ್ದುಗಳಲ್ಲಿ ಇನ್ನೂ ಅಪಾಯಕಾರಿಯಾದವು ಇವೆ. ತುರಿಕೆಗೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಮನುಷ್ಯರು ಮೈ ನೆಕ್ಕಿಕೊಳ್ಳುವುದಿಲ್ಲ, ಗಿನಿಪಿಗ್ ನೆಕ್ಕಿಕೊಳ್ಳುತ್ತದೆ. ಹೊಟ್ಟೆಗೆ ಹೋದ ಕರ್ಪೂರ ಮಕ್ಕಳಿಗೇ ವಿಷವಾಗಬಲ್ಲದು, ಒಂದು ಕಿಲೋದ ಪ್ರಾಣಿಗೆ ಏನಾಗಬಹುದು? ಟೀ ಟ್ರೀ ಎಣ್ಣೆಯೂ ಹಾಗೆಯೇ. ಬೇವಿನೆಣ್ಣೆಯ ಬಗ್ಗೆ ನಮಗಿರುವ ಭಕ್ತಿಯೂ ಇಲ್ಲಿ ಉಪಯೋಗಕ್ಕೆ ಬಾರದು. ನಾಲಿಗೆಗೆ ತಗಲದಂತೆ ಅದನ್ನು ಹಚ್ಚುವ ಉಪಾಯ ಯಾರ ಬಳಿಯೂ ಇಲ್ಲ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂಬ ಗಾದೆ ಈ ಪ್ರಸಂಗಕ್ಕೆಂದೇ ಹುಟ್ಟಿದಂತಿದೆ. ಮೈಗೆ ಎಣ್ಣೆ ತಿಕ್ಕುವ ಎಷ್ಟೋ ಮನೆಗಳಲ್ಲಿ ಆ ಪ್ರಾಣಿಯ ಹೊಟ್ಟೆಗೆ ಸಿ ಜೀವಸತ್ವ ಸಾಕಷ್ಟು ಹೋಗುತ್ತಿರುವುದಿಲ್ಲ. ಇಲಿ, ಮೊಲ, ನಾಯಿ, ಹಸು ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದ ಕಿಣ್ವವನ್ನು ಮನುಷ್ಯ, ಕಪಿಗಳು ಮತ್ತು ಗಿನಿಪಿಗ್ ತಮ್ಮ ವಂಶದ ಇತಿಹಾಸದಲ್ಲಿ ಕಳೆದುಕೊಂಡಿವೆ. ಈ ಜೀವಸತ್ವವಿಲ್ಲದೆ ಚರ್ಮವನ್ನೂ ಒಸಡನ್ನೂ ಕೀಲುಗಳನ್ನೂ ಹಿಡಿದಿಡುವ ಕೊಲಾಜನ್ ಎಂಬ ನಾರು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಕೂದಲು ಬಿರುಸಾಗುತ್ತದೆ, ಹೊಟ್ಟು ಉದುರುತ್ತದೆ, ಸಣ್ಣ ಗಾಯ ಮಾಯುವುದಿಲ್ಲ, ಕೀಲು ನೋವಿನಿಂದ ಪ್ರಾಣಿ ಮೂಲೆ ಹಿಡಿಯುತ್ತದೆ.

ಈ ವಿಷಯ ಜಗತ್ತಿಗೆ ತಿಳಿದದ್ದೇ ಗಿನಿಪಿಗ್‌ನಿಂದ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಹಡಗಿನವರ ಬೆರಿಬೆರಿ ರೋಗವನ್ನು ಅಭ್ಯಸಿಸಲೆಂದು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬೆರಿಬೆರಿಯ ಬದಲು ಅವಕ್ಕೆ ಸ್ಕರ್ವಿ ಬಂತು. ತಾಜಾ ಎಲೆಕೋಸು, ನಿಂಬೆರಸ ಕೊಟ್ಟಾಗ ತಡೆಯಿತು. ಇಲಿಗಳನ್ನು ಬಳಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಮುಂದೆ ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ತಾನು ಬೇರ್ಪಡಿಸಿದ ವಸ್ತುವೇ ಸಿ ಜೀವಸತ್ವವೆಂದು 1930ರ ದಶಕದ ಮೊದಲ ವರ್ಷಗಳಲ್ಲಿ ಖಚಿತಪಡಿಸಿಕೊಂಡದ್ದೂ ಗಿನಿಪಿಗ್‌ಗಳ ಮೇಲಿನ ಪರೀಕ್ಷೆಯಿಂದಲೇ. ಆ ವಸ್ತುವನ್ನು ಅವನು ಹೇರಳವಾಗಿ ಪಡೆದದ್ದು ತನ್ನ ನಾಡಿನ ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನಕಾಯಿಯಿಂದ. 1937ರಲ್ಲಿ ಅವನಿಗೆ ನೊಬೆಲ್ ಬಂತು. ಮನುಷ್ಯಕುಲ ಸ್ಕರ್ವಿಯ ಮೂಲವನ್ನು ಅರಿತುಕೊಂಡದ್ದು ಈ ಪ್ರಾಣಿಯ ನೋವಿನ ಮೂಲಕ. ಪ್ರಯೋಗಕ್ಕೆ ಒಡ್ಡಿದ ಬಡಪಾಯಿಗೆ ‘ಗಿನಿಪಿಗ್’ ಎಂಬ ಅಡ್ಡಹೆಸರೇ ಅಂಟಿಕೊಂಡಿದೆ. ಅದೇ ಪ್ರಾಣಿ ನಮ್ಮ ಮನೆಯಲ್ಲಿ, ನೂರು ವರ್ಷಗಳ ಹಿಂದೆಯೇ ತಿಳಿದ ಕೊರತೆಯಿಂದ ಬಳಲುವುದಾದರೆ ಅದು ನಮ್ಮ ಓದಿಗೆ ಶೋಭೆಯಲ್ಲ.

ಕೊರತೆ ಬರುವ ದಾರಿಯೂ ಸರಳವಾದದ್ದೇ. ಅನೇಕ ಅಂಗಡಿಗಳಲ್ಲಿ ಮೊಲದ ಗುಳಿಗೆಯಾಕಾರದ ತಿನಿಸನ್ನೇ ಗಿನಿಪಿಗ್‌ಗೂ ಕೊಡುತ್ತಾರೆ. ಮೊಲಕ್ಕೆ ಸಿ ಜೀವಸತ್ವವನ್ನು ಹೊರಗಿನಿಂದ ಕೊಡಬೇಕಿಲ್ಲವಾದ್ದರಿಂದ ಅದರ ತಿನಿಸಿನಲ್ಲಿ ಅದನ್ನು ಬೆರೆಸಿರುವುದಿಲ್ಲ. ಗಿನಿಪಿಗ್‌ಗೆಂದೇ ಮಾಡಿದ ತಿನಿಸಿನಲ್ಲಿಯೂ ಅದು ಕಾಲ ಕಳೆದಂತೆ ನಶಿಸುತ್ತದೆ. ತಯಾರಾಗಿ ಮೂರು ತಿಂಗಳು ಮೀರಿದ ಪೊಟ್ಟಣವನ್ನು ನಂಬಬಾರದು. ಬಿಡಿಯಾಗಿ ತೂಗಿ ಕೊಡುವ ತಿನಿಸಿಗೆ ತಾರೀಖೇ ಇರುವುದಿಲ್ಲ. ಕುಡಿಯುವ ನೀರಿಗೆ ಹಾಕುವ ಹನಿಗಳು ಬೆಳಕು ಗಾಳಿಗಳಲ್ಲಿ ಬೇಗ ಸತ್ವಗುಂದುತ್ತವೆ, ನೀರಿನ ರುಚಿ ಕೆಟ್ಟು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಪರಿಹಾರ ತಳೇಗಾಂವದ ತರಕಾರಿ ಗಾಡಿಯಲ್ಲೇ ಇದೆ. ಆರೋಗ್ಯವಂತ ಗಿನಿಪಿಗ್‌ಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 20 ಮಿಲಿಗ್ರಾಮ್, ಬಸಿರಿಗೂ ರೋಗಿಗೂ 30 ಮಿಲಿಗ್ರಾಮ್ ಆಸುಪಾಸು ಸಿ ಜೀವಸತ್ವ ಬೇಕು. ನೂರು ಗ್ರಾಮ್ ಹಸಿರು ದೊಣ್ಣೆಮೆಣಸಿನಕಾಯಿಯಲ್ಲಿ ಸುಮಾರು 80 ಮಿಲಿಗ್ರಾಮ್ ಇರುತ್ತದೆ; ಅಂದರೆ 25 ಗ್ರಾಮಿನ ಒಂದು ಹೋಳು ದಿನದ ಅಗತ್ಯವನ್ನು ತೀರಿಸುತ್ತದೆ. ಸೀಬೆಹಣ್ಣಿನಲ್ಲಿ ನೂರು ಗ್ರಾಮಿಗೆ ಸುಮಾರು 200 ಮಿಲಿಗ್ರಾಮ್. ಹತ್ತು ಗ್ರಾಮಿನ ತುಂಡು ಸಾಕು, ಸಕ್ಕರೆಯಿರುವುದರಿಂದ ಹೆಚ್ಚು ಬೇಡವೂ ಬೇಡ. ಇವುಗಳ ಜೊತೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು. ಪಾಲಕ್ ದಿನವೂ ಬೇಡ. ಅದು ಮೂತ್ರದ ಕಲ್ಲಿಗೆ ಎಡೆಮಾಡಬಹುದು. ಇದೆಲ್ಲಕ್ಕಿಂತ ಮುಖ್ಯ, ದಿನವಿಡೀ ಮೆಲ್ಲಲು ಹುಲ್ಲು. ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವ ಗರಿಕೆಯನ್ನು ಈ ಪ್ರಾಣಿ ಪ್ರಸಾದದಂತೆ ತಿನ್ನುತ್ತದೆ. ಔಷಧಿ ಸಿಂಪಡಿಸದ, ನಾಯಿಗಳು ಓಡಾಡದ ಜಾಗದ್ದಾಗಿರಬೇಕು, ತೊಳೆದು ನೀರು ಬಸಿದಿರಬೇಕು, ಅಷ್ಟೇ. ಮಳೆಗಾಲದಲ್ಲಿ ಒಣಹುಲ್ಲಿಗೆ ಬೂಸ್ಟು ಹಿಡಿಯುತ್ತದೆ; ಅಂಥದ್ದನ್ನು ತಿನ್ನಿಸಲೂ ಬಾರದು, ಹಾಸಲೂ ಬಾರದು.

ಹಾಸಿನ ಮಾತು ಬಂತು. ಬಡಗಿಯ ಅಂಗಡಿಯಿಂದ ಪುಕ್ಕಟೆ ಸಿಗುವ ಮರದ ಪುಡಿಯನ್ನು ಗೂಡಿಗೆ ಹಾಕುವ ಪದ್ಧತಿ ಇಲ್ಲಿ ಹೆಚ್ಚು. ಆ ಪುಡಿಯಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್, ಸುವಾಸನೆಯ ಮರಗಳ ಎಣ್ಣೆ ಎಲ್ಲ ಸೇರಿರುತ್ತವೆ. ನುಣುಪು ಧೂಳು ಮೂಗಿಗೂ ಚರ್ಮಕ್ಕೂ ಕೆಡುಕು. ಹಳೆಯ ದಪ್ಪ ಹತ್ತಿ ಬಟ್ಟೆ ಅಥವಾ ಉಣ್ಣೆಯಂಥ ಫ್ಲೀಸ್ ಬಟ್ಟೆ ಹಾಸಿ, ಕೆಳಗೆ ತೇವ ಹೀರುವ ಪದರವಿಟ್ಟು, ದಿನವೂ ಹಿಕ್ಕೆ ಗುಡಿಸಿ, ಎರಡು ಮೂರು ದಿನಕ್ಕೊಮ್ಮೆ ಒಗೆದರೆ ಇದಕ್ಕಿಂತ ಉತ್ತಮ. ತಂತಿಯ ತಳವಿರುವ ಗೂಡು ಪಾದಗಳನ್ನು ಒಡೆಯುತ್ತದೆ; ಒಡೆದ ಪಾದಕ್ಕೆ ಸೋಂಕು ತಗಲಿದರೆ ವಾಸಿಯಾಗುವುದು ಬಹು ಕಷ್ಟ. ಚಳಿಗಾಲದ ರಾತ್ರಿ ಗೂಡನ್ನು ಬಾಲ್ಕನಿಯಲ್ಲಿಡಬೇಡಿ. ಹಾಗೆಂದು ಹೀಟರಿನ ಎದುರಿಗೂ ಇಡಬೇಡಿ. ಕೋಣೆಯನ್ನು ಬೆಚ್ಚಗಿಡುವ ಅದೇ ಗಾಳಿ ಚರ್ಮವನ್ನು ಒಣಗಿಸುತ್ತದೆ. ಸ್ನಾನ ಅದಕ್ಕೆ ಬೇಕಿಲ್ಲ. ಹಿಂಭಾಗ ಕೊಳೆಯಾದರೆ ಅಷ್ಟನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒರೆಸಿದರಾಯಿತು.

ಒಂಟಿಯಾಗಿ ಸಾಕುವುದೂ ಮೈಯ ಮೇಲೆ ತೋರುತ್ತದೆ. ಗಿನಿಪಿಗ್ ಗುಂಪಿನ ಪ್ರಾಣಿ; ಬೇಸರದಲ್ಲಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವುದುಂಟು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಇದನ್ನು ಒಂಟಿಯಾಗಿ ಸಾಕುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ನಾವು ಕಾನೂನಿಗೆ ಕಾಯಬೇಕಿಲ್ಲ. ಎರಡು ಹೆಣ್ಣುಗಳನ್ನು ತಂದರೆ ಸಾಕು. ಗಂಡು ಹೆಣ್ಣನ್ನು ಜೊತೆಗಿಟ್ಟು ಮರಿಗಳನ್ನು ಹಂಚುತ್ತ ತಿರುಗುವ ಪ್ರಮೇಯವೂ ತಪ್ಪುತ್ತದೆ.

ಇನ್ನು ವೈದ್ಯರ ವಿಷಯ. ನುಸಿಯೋ ಶಿಲೀಂಧ್ರವೋ ಎಂಬುದನ್ನು ಮನೆಯಲ್ಲಿ ಕಣ್ಣಂದಾಜಿನಿಂದ ತೀರ್ಮಾನಿಸಲಾಗದು. ಪಶುವೈದ್ಯರು ಚರ್ಮವನ್ನು ಲಘುವಾಗಿ ಕೆರೆದು, ಒಂದೆರಡು ಕೂದಲು ಕಿತ್ತು, ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ನುಸಿಯಾದರೆ ಐವರ್ಮೆಕ್ಟಿನ್ ಅಥವಾ ಅದರ ವರ್ಗದ ಔಷಧಿಯನ್ನು ಪ್ರಾಣಿಯ ತೂಕಕ್ಕೆ ಲೆಕ್ಕಹಾಕಿ ಕೊಡುತ್ತಾರೆ. ಮೊಟ್ಟೆಗಳು ಮೊದಲ ಸಲಕ್ಕೆ ಸಾಯದ ಕಾರಣ ಒಂದೆರಡು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ತುರಿಕೆ ನಿಂತಿತೆಂದು ಎರಡನೆಯ ಭೇಟಿಯನ್ನು ತಪ್ಪಿಸುವವರ ಮನೆಗೆ ನುಸಿ ಹಿಂತಿರುಗುತ್ತದೆ. ಜೊತೆಯಲ್ಲಿರುವ ಪ್ರಾಣಿಗೂ ಚಿಕಿತ್ಸೆಯಾಗಬೇಕು, ಗೂಡೂ ಶುಚಿಯಾಗಬೇಕು. ನಾಯಿಗೆ ಹಾಕುವ ಉಣ್ಣೆಯ ಔಷಧಿಯನ್ನು ‘ಸ್ವಲ್ಪ ಕಡಿಮೆ ಹಾಕೋಣ’ ಎಂದು ಇದಕ್ಕೆ ಹಾಕುವುದು ಆಪತ್ತು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ವರ್ಗದ ಗುಳಿಗೆಯನ್ನು ಬಾಯಿಗೆ ಹಾಕಿದರಂತೂ ಅದರ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ಕೆಲವೇ ದಿನಗಳಲ್ಲಿ ಪ್ರಾಣಿಯೇ ಸಾಯಬಹುದು. ಮನುಷ್ಯನಿಗೆ ತೀರ ಸಾಮಾನ್ಯವಾದ ಔಷಧಿ ಇದಕ್ಕೆ ಮೃತ್ಯುವಾಗುವ ಈ ಒಂದು ಸಂಗತಿಯನ್ನಾದರೂ ಪ್ರತಿ ಮನೆಯವರು ನೆನಪಿಡಬೇಕು.

ಹುಳುಕಡ್ಡಿಯಾದರೆ ಮಾತು ಪ್ರಾಣಿಗಷ್ಟೇ ನಿಲ್ಲುವುದಿಲ್ಲ. ಅದು ಮನುಷ್ಯರಿಗೆ, ಅದರಲ್ಲೂ ಪ್ರಾಣಿಯನ್ನು ಎದೆಗವಚಿಕೊಳ್ಳುವ ಮಕ್ಕಳಿಗೆ, ಹರಡುತ್ತದೆ. ಹೊರಗೆ ಯಾವ ಚಿಹ್ನೆಯೂ ಇಲ್ಲದ ಗಿನಿಪಿಗ್ ಸಹ ಶಿಲೀಂಧ್ರವನ್ನು ಹೊತ್ತಿರಬಹುದು. ಮಗುವಿನ ಕೈಯಲ್ಲೋ ಕುತ್ತಿಗೆಯಲ್ಲೋ ಉಂಗುರದಂಥ ಮಚ್ಚೆ ಎದ್ದರೆ ಚರ್ಮವೈದ್ಯರಿಗೆ ‘ಮನೆಯಲ್ಲಿ ಗಿನಿಪಿಗ್ ಇದೆ’ ಎಂದು ಹೇಳುವುದನ್ನು ಮರೆಯಬಾರದು. ಪ್ರಾಣಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ನಿತ್ಯದ ನಿಯಮವಾಗಬೇಕು. ಹೊಟ್ಟು ಕಂಡೊಡನೆ ಎಣ್ಣೆ ಹಚ್ಚಿ ಮಗುವಿನ ಕೈಗೇ ಪ್ರಾಣಿಯನ್ನು ಕೊಟ್ಟು ತಿಕ್ಕಿಸುವುದು ಎಂಥ ಅವಿವೇಕವೆಂದು ಈಗ ಬಿಡಿಸಿ ಹೇಳಬೇಕಿಲ್ಲ.

ಪರಭಾಷೆಯ ನಾಡಿನಲ್ಲಿ ವೈದ್ಯರ ಮುಂದೆ ಲಕ್ಷಣ ಹೇಳುವುದು ಹೇಗೆಂಬ ಅಳುಕು ಹೊಸಬರಿಗಿರುತ್ತದೆ. ಭಯ ಬೇಡ. ನಾವು ಧಾನ್ಯದ ಹೊಟ್ಟನ್ನೂ ತಲೆಯ ಹೊಟ್ಟನ್ನೂ ಒಂದೇ ಪದದಿಂದ ಕರೆಯುವಂತೆ ಮರಾಠಿಗರು ಎರಡನ್ನೂ ‘ಕೋಂಡಾ’ ಎನ್ನುತ್ತಾರೆ. ತುರಿಕೆ ಅವರಿಗೆ ‘ಖಾಜ್’. ‘ಗಜಕರ್ಣ’ವಂತೂ ಎರಡೂ ಭಾಷೆಗಳಿಗೆ ಒಂದೇ. ಭಾಷೆಗಿಂತ ದೊಡ್ಡ ಅಡಚಣೆ, ಗಿನಿಪಿಗ್ ನೋಡುವ ಅಭ್ಯಾಸವಿರುವ ವೈದ್ಯರನ್ನು ಹುಡುಕುವುದು. ಪ್ರಾಣಿ ಚೆನ್ನಾಗಿರುವಾಗಲೇ ಫೋನು ಮಾಡಿ ಎರಡು ಪ್ರಶ್ನೆ ಕೇಳಿಡಬೇಕು: ಗಿನಿಪಿಗ್ ನೋಡುತ್ತೀರಾ? ಚರ್ಮ ಕೆರೆದು ಪರೀಕ್ಷಿಸುವ ಅನುಕೂಲವಿದೆಯೇ? ತಳೇಗಾಂವದಲ್ಲಿ ಸಿಗದಿದ್ದರೆ ಲೋಣಾವಳೆ ಪುಣೆ ನಡುವಿನ ಲೋಕಲ್ ರೈಲು ಇದ್ದೇ ಇದೆ. ಗಾಳಿಯಾಡುವ ಪೆಟ್ಟಿಗೆ, ಒಳಗೆ ಒಂದಿಷ್ಟು ಹುಲ್ಲು, ಸಾಧ್ಯವಾದರೆ ಜೊತೆಗಾರ ಪ್ರಾಣಿ, ಬಿಸಿಲೇರುವ ಮುನ್ನ ಪ್ರಯಾಣ.

ಇಲ್ಲಿಗೆ ನಿಜವಾದ ಆಕ್ಷೇಪಕ್ಕೆ ಬರುತ್ತೇನೆ. ಕೆಲವು ನೂರು ರೂಪಾಯಿಗೆ ತಂದ ಪ್ರಾಣಿಗೆ ಪುಣೆಯವರೆಗೆ ಹೋಗಿ, ಶುಲ್ಕ ಕೊಟ್ಟು, ಎರಡು ಸಲ ಔಷಧಿ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರ ಎಂದ ಹಾಗಲ್ಲವೇ? ಈ ಮಾತನ್ನು ಹೇಳುವವರು ನಿರ್ದಯರೇನಲ್ಲ. ಮನೆ ಸಾಲದ ಕಂತು, ಶಾಲೆಯ ಶುಲ್ಕ, ಊರಿನಲ್ಲಿರುವ ತಂದೆತಾಯಿಯರ ಔಷಧಿ ಇವುಗಳ ನಡುವೆ ಲೆಕ್ಕ ಹಾಕುವವರು. ಅವರ ಲೆಕ್ಕವನ್ನು ನಾನು ಗೌರವಿಸುತ್ತೇನೆ. ಅದು ತಡವಾಗಿ ಹಾಕಿದ ಲೆಕ್ಕ ಎಂದಷ್ಟೇ ನನ್ನ ತಕರಾರು. ಪ್ರಾಣಿಯ ಬೆಲೆ ಅಂಗಡಿಯಲ್ಲಿ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಐದಾರು ವರ್ಷದ ಹುಲ್ಲು, ತರಕಾರಿ, ಹಾಸು, ಒಂದಲ್ಲ ಒಂದು ದಿನ ಬರುವ ವೈದ್ಯರ ಖರ್ಚು ಇವೆಲ್ಲ ಕೂಡಿದ್ದೇ ಅದರ ಬೆಲೆ. ಅದು ಭಾರವೆನಿಸಿದರೆ ತರದಿರುವುದು ನಿಜವಾದ ದಯೆ. ಮಗುವಿಗೆ ‘ಬೇಡ’ ಎನ್ನುವುದರಲ್ಲಿ ಯಾವ ಅವಮಾನವೂ ಇಲ್ಲ. ತಂದ ಮೇಲೆ ಮಾತ್ರ ‘ಬರೀ ಗಿನಿಪಿಗ್ ತಾನೇ’ ಎಂಬ ವಾದಕ್ಕೆ ಎಡೆಯಿಲ್ಲ. ತುರಿಕಜ್ಜಿ ಅನುಭವಿಸಿದವರಿಗೆ ಗೊತ್ತು, ಆ ಉರಿಯ ರಾತ್ರಿಗಳು ಹೇಗಿರುತ್ತವೆಂದು. ದೇಹ ಸಣ್ಣದಾದರೆ ತುರಿಕೆಯೂ ಸಣ್ಣದಾಗುವುದಿಲ್ಲ.

ಮಾರುವವರ ಹೊಣೆಯೂ ಇದೆ. ನಮ್ಮ ದೇಶದಲ್ಲಿ 2018ರಲ್ಲಿ ಜಾರಿಯಾದ ಸಾಕುಪ್ರಾಣಿ ಅಂಗಡಿಗಳ ನಿಯಮಗಳು ನಾಯಿ ಬೆಕ್ಕುಗಳ ಜೊತೆಗೆ ಗಿನಿಪಿಗ್ ಅನ್ನೂ ಹೆಸರಿಸಿವೆ. ಅಂಗಡಿ ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಕೊಳ್ಳುವ ಮುನ್ನ ನೋಂದಣಿಯ ಪತ್ರ ಕೇಳುವುದು, ಗೂಡಿನಲ್ಲಿರುವ ಉಳಿದ ಪ್ರಾಣಿಗಳ ಮೈಯಲ್ಲಿ ಹೊಟ್ಟು, ಹುರುಕು ಇದೆಯೇ ಎಂದು ನೋಡುವುದು ಗ್ರಾಹಕರ ಹಕ್ಕು. ಮನೆಗೆ ಬರುವ ನುಸಿ ಹೆಚ್ಚಾಗಿ ಹೊಸ ಪ್ರಾಣಿಯ ಮೈಯ ಮೇಲೆಯೇ ಬರುತ್ತದೆ.

ಹಾಗಾದರೆ ಎಣ್ಣೆಗೆ ಜಾಗವೇ ಇಲ್ಲವೇ? ಇದೆ, ಕಡೆಯ ಸಾಲಿನಲ್ಲಿ. ವೈದ್ಯರು ನುಸಿಯೂ ಇಲ್ಲ, ಶಿಲೀಂಧ್ರವೂ ಇಲ್ಲ ಎಂದ ಮೇಲೆ, ಆಹಾರ, ಹಾಸು, ಗೂಡಿನ ಜಾಗ ಸರಿಪಡಿಸಿದ ಮೇಲೆ, ಕಿವಿಯ ಅಂಚೋ ಅಂಗಾಲೋ ಇನ್ನೂ ಒಣಗಿಯೇ ಇದ್ದರೆ, ಕರ್ಪೂರ ಸುಗಂಧಗಳಿಲ್ಲದ ಶುದ್ಧ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಗೆ ತಗಲಿದಷ್ಟು ತೆಗೆದುಕೊಂಡು ತೆಳುವಾಗಿ ಸವರಬಹುದು. ಇಷ್ಟರಿಂದ ಅಜ್ಜಿಯ ಮಾನಕ್ಕೂ ಕುಂದಿಲ್ಲ, ಪ್ರಾಣಿಗೂ ಕೇಡಿಲ್ಲ.

ಇವೆಲ್ಲಕ್ಕಿಂತ ಮೊದಲು ಪ್ರತಿ ಮನೆಯಲ್ಲೂ ಆಗಬೇಕಾದ ಕೆಲಸವೊಂದಿದೆ. ಅದಕ್ಕೆ ದುಡ್ಡು ಬೇಕಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಪ್ರಾಣಿಯನ್ನು ಮಡಿಲಲ್ಲಿಟ್ಟುಕೊಂಡು, ಕೂದಲನ್ನು ಎದುರುಮುಖವಾಗಿ ಬಿಡಿಸಿ ಬುಡ ನೋಡಿ. ಕಿವಿ, ಮೂಗು, ಅಂಗಾಲು, ಹಿಂಭಾಗ ನೋಡಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಬುಟ್ಟಿಯಿಟ್ಟು ತೂಗಿ, ಅಂಕಿಯನ್ನು ಬರೆದಿಡಿ. ಐವತ್ತು ಗ್ರಾಮ್ ಇಳಿದರೆ ಕಣ್ಣಿಡಿ, ನೂರು ಗ್ರಾಮ್ ಇಳಿದರೆ ವೈದ್ಯರಲ್ಲಿಗೆ ಹೋಗಿ. ಅರ್ಧ ದಿನ ಏನನ್ನೂ ತಿನ್ನದಿದ್ದರೆ ತೂಕಕ್ಕೂ ಕಾಯಬೇಡಿ. ಬರೆಯುವ ಕೆಲಸವನ್ನು ಮಗುವಿಗೆ ವಹಿಸಿ. ಬೇಕಿದ್ದರೆ ಕನ್ನಡದ ಅಂಕಿಗಳಲ್ಲೇ ಬರೆಯಲಿ. ಪರನಾಡಿನಲ್ಲಿ ಬೆಳೆಯುವ ಮಗುವಿಗೆ ಒಂದರಿಂದ ಒಂಬತ್ತು ಬರೆಯಲು ವಾರಕ್ಕೊಂದು ನೆಪ ಸಿಕ್ಕಂತಾಯಿತು. ಮಾತು ಬಾರದ ಜೀವದ ಮೈಯನ್ನು ಓದುವ ಅಭ್ಯಾಸವೂ ಅದಕ್ಕೆ ಈ ವಯಸ್ಸಿನಲ್ಲೇ ಕೂಡಿಬಂದರೆ, ಪ್ರಾಣಿ ತಂದುಕೊಟ್ಟದ್ದಕ್ಕೆ ಒಂದು ಅರ್ಥ ಬಂದೀತು.